ಮೂವತ್ತು ಸೆಕೆಂಡಿನ ಸಂಗೀತಶಾಸ್ತ್ರ

ಅಂತರ್ಜಾಲ ಸಂಗೀತಶಾಸ್ತ್ರದಲ್ಲಿ ನಾದಕ್ಕಿಂತ ಗಡಿಯಾರ ದೊಡ್ಡದು. ಹಾಡು 30 ಸೆಕೆಂಡು ಓಡಿದರೆ ಅದನ್ನು ಕೇಳಿದಂತೆ ಲೆಕ್ಕ; ಆ ಎಣಿಕೆಯ ಮೇಲೆಯೇ ಕೂಲಿ. 29ನೆಯ ಸೆಕೆಂಡಿಗೆ ಕೇಳುಗ ಮುಂದಿನದಕ್ಕೆ ಹಾರಿದರೆ ಆ ಹಾಡು ಹುಟ್ಟಿಯೇ ಇಲ್ಲ. ಸ್ವೀಡನ್ನಿನ ಸ್ಪಾಟಿಫೈ ಸಂಸ್ಥೆ ಪಾಲಿಸುವ ಈ ಸೂತ್ರಕ್ಕೆ ಭಾಷ್ಯ ರಚಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಶ್ರುತಿ, ಲಯ, ಭಾವ ಮೊದಲಾದ ಅವಾಂತರ ವಿಷಯಗಳಿಗೆ ಇಲ್ಲಿ ಅವಕಾಶವಿಲ್ಲ.

ಶಾಸ್ತ್ರದ ಚರಿತ್ರೆಯಲ್ಲಿ ಎರಡು ಯುಗಗಳಿವೆ. ಮೊದಲನೆಯದು ಸಹನಾಯುಗ. 1994ರ ನವೆಂಬರಿನಲ್ಲಿ ಅಮೆರಿಕದ ಚಾಪೆಲ್ ಹಿಲ್ ಊರಿನ ವಿದ್ಯಾರ್ಥಿ ಬಾನುಲಿ ಡಬ್ಲ್ಯುಎಕ್ಸ್‌ವೈಸಿ ತನ್ನ ಪ್ರಸಾರವನ್ನು ಅಂತರ್ಜಾಲಕ್ಕೂ ಹರಿಸಿತು. ಮರುವರ್ಷ ರಿಯಲ್‌ಆಡಿಯೊ ಎಂಬ ತಂತ್ರಾಂಶ ಬಂತು. ಮೋಡೆಮ್ ಮೊದಲು ತಾನೇ ಕಿರುಚಿ, ಆಮೇಲೆ ‘ಬಫರಿಂಗ್’ ಎಂದು ಬರೆದು ತೋರಿಸಿ, ಕೊನೆಗೆ ಕೊಳಾಯಿಯೊಳಗೆ ಕೂತು ಹಾಡಿದಂಥ ದನಿಯನ್ನು ತುಂಡುತುಂಡಾಗಿ ಕೊಡುತ್ತಿತ್ತು. ಅಷ್ಟು ಕಾದವರು ಬಂದ ಹಾಡನ್ನು ಪೂರ್ತಿ ಕೇಳದೆ ಬಿಡುತ್ತಿರಲಿಲ್ಲ. ಇದನ್ನು ರಸಿಕತೆಯೆಂದು ಭಾವಿಸಬಾರದು.

ಎರಡನೆಯದು ಸಮೃದ್ಧಿಯುಗ. 1999ರಲ್ಲಿ ನ್ಯಾಪ್‌ಸ್ಟರ್ ಹಾಡುಗಳನ್ನು ಬಿಟ್ಟಿಯಾಗಿ ಹಂಚುವ ದಾರಿ ತೋರಿಸಿತು. 2001ರಲ್ಲಿ ನ್ಯಾಯಾಲಯದ ಆಜ್ಞೆಗೆ ಸಿಕ್ಕಿ ಬಾಗಿಲು ಹಾಕಿತು. ಬಿಟ್ಟಿಯ ರುಚಿ ಹತ್ತಿದ ಕಿವಿಗಳನ್ನು ಚಂದಾ ಇಲ್ಲವೇ ಜಾಹೀರಾತಿನ ಹಾದಿಗೆ ತರಲು 2008ರಲ್ಲಿ ಸ್ಪಾಟಿಫೈ ಅವತರಿಸಿತು. ಭಾರತಕ್ಕೆ ಅದರ ಪ್ರವೇಶ 2019ರಲ್ಲಿ. ಅಷ್ಟರೊಳಗೆ ಗಾನಾ, ಸಾವನ್‌ಗಳೆಂಬ ಹಾಡಿನ ತಾಣಗಳು ಇಲ್ಲಿನ ನೆಲವನ್ನು ಹದಮಾಡಿದ್ದವು.

ನಡುವೆ ಪಂಡೋರಾ ಎಂಬ ಅಂತರ್ಜಾಲ ಬಾನುಲಿ, ಸಂಗೀತ ಬಲ್ಲವರನ್ನು ಕೂರಿಸಿ ಪ್ರತಿ ಹಾಡಿಗೂ 450ರವರೆಗೆ ಲಕ್ಷಣಗಳನ್ನು ಬರೆಸಿ, ಕೇಳುಗನ ಮನಸ್ಸನ್ನು ಊಹಿಸತೊಡಗಿತು. ಈ ವಿದ್ಯೆಯಲ್ಲಿ ಕನ್ನಡನಾಡು ಹಿಂದುಳಿದಿರಲಿಲ್ಲ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿ ಮನಶ್ಶಾಸ್ತ್ರದ ಪ್ರಾಧ್ಯಾಪಕರೇ. ಅವರ ಶ್ರೋತೃಗಳ ಬಳಿ ಮುಂದಿನ ಹಾಡಿಗೆ ಹಾರುವ ಗುಂಡಿ ಇರಲಿಲ್ಲವಾದ್ದರಿಂದ ಸಂಶೋಧನೆ ಅಪೂರ್ಣವಾಗಿ ಉಳಿಯಿತು.

ಸೂತ್ರದ ದೃಷ್ಟಿಯಲ್ಲಿ 40 ನಿಮಿಷದ ರಾಗ-ತಾನ-ಪಲ್ಲವಿಯೂ 31 ಸೆಕೆಂಡಿನ ತುಣುಕೂ ಸಮಾನ. ಇಡಿಯಾಗಿ ಒಂದೇ ಕಡತವಾಗಿ ಹಾಕಿದರೆ ಎರಡಕ್ಕೂ ಒಂದೊಂದೇ ಎಣಿಕೆ. ವಿದ್ವಾಂಸರು ತೋಡಿಯ ಗಾಂಧಾರವನ್ನು ನೇವರಿಸುವಷ್ಟರಲ್ಲಿ ಕೂಲಿಯ ಅವಧಿ ಮುಗಿದಿರುತ್ತದೆ. ಉಳಿದ ಮೂವತ್ತೊಂಬತ್ತು ನಿಮಿಷ ಚಿಲ್ಲರೆ ಧರ್ಮಾರ್ಥ.

ಪೂರ್ವಪಕ್ಷ: ಎಣಿಕೆಗೆ ಕಾಲವೊಂದೇ ಸಾಕಾದರೆ ನಾದ ಯಾಕೆ? ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದ ಕೀರ್ತಿ ಅಮೆರಿಕದ ವಲ್ಫ್‌ಪೆಕ್ ತಂಡದ್ದು. 2014ರ ಮಾರ್ಚಿನಲ್ಲಿ ಅದು ‘ಸ್ಲೀಪಿಫೈ’ ಎಂಬ ಆಲ್ಬಮನ್ನು ಸ್ಪಾಟಿಫೈನಲ್ಲಿ ಹೊರತಂದಿತು. ಹತ್ತು ಕೃತಿಗಳು, ಒಂದೊಂದೂ 30 ಸೆಕೆಂಡಿಗಿಂತ ತುಸು ಹೆಚ್ಚು, ಹತ್ತರಲ್ಲೂ ಬರೀ ಮೌನ. ಮಲಗುವಾಗ ಹಚ್ಚಿ ಬೆಳಗಿನವರೆಗೆ ಓಡಲು ಬಿಡಿ ಎಂದು ಅಭಿಮಾನಿಗಳಿಗೆ ವಿನಂತಿ. ಅಪಸ್ವರದ ದೂರು ಒಂದೂ ಬರಲಾರದ ಆ ಕಛೇರಿ ಸುಮಾರು 20,000 ಡಾಲರ್ ದುಡಿಯಿತು. ಆ ಹಣದಲ್ಲಿ ತಂಡ ಟಿಕೆಟಿಲ್ಲದ ಕಾರ್ಯಕ್ರಮಗಳನ್ನು ನಡೆಸಿತು. ಸ್ಪಾಟಿಫೈ ಆಲ್ಬಮನ್ನು ತೆಗೆದುಹಾಕಿತು.

2024ರಿಂದ ಸೂತ್ರಕ್ಕೆ ಎರಡು ವಾರ್ತಿಕಗಳು ಸೇರಿವೆ. ಹಿಂದಿನ 12 ತಿಂಗಳಲ್ಲಿ 1,000 ಎಣಿಕೆ ಮುಟ್ಟದ ಹಾಡಿಗೆ ಗೌರವಧನವಿಲ್ಲ. ಮಳೆ, ಯಂತ್ರದ ಗುಂಯ್‌ಗುಡುವಿಕೆ, ಮೌನ ಇವೆಲ್ಲ ಒಂದೇ ವರ್ಗಕ್ಕೆ ಸೇರಿದ್ದು, ಗೌರವಧನ ಬೇಕಾದರೆ ಅವು ಕನಿಷ್ಠ 2 ನಿಮಿಷ ಉದ್ದವಿರಬೇಕು. ಹಾಡಿಗೆ ಈಗಲೂ 30 ಸೆಕೆಂಡು ಸಾಕು.