ಗ್ಯಾಸ್ಟ್ರಿಕ್ಕೋ, ಗುಂಡಿಗೆಯೋ?

2025ರ ಜುಲೈ. ಹಾಸನ ಜಿಲ್ಲೆಯಲ್ಲಿ 40 ದಿನಕ್ಕೆ 20ಕ್ಕೂ ಹೆಚ್ಚು ಜನ ಹೃದಯಾಘಾತಕ್ಕೆ ಹೋದರೆಂದು ಟೀವಿಗಳು ಬಾಯಿ ಬಡಿದುಕೊಳ್ಳುತ್ತಿದ್ದ ದಿನಗಳು. ಹಳೇಬೀಡಿನ ಟೀ ಅಂಗಡಿಗೆ ಆಟೋ ರಂಗ ಎದೆ ಹಿಡಿದುಕೊಂಡೇ ಬಂದ.

"ನರ್ಸಮ್ಮ, ನಾಳೆ ಅರಸೀಕೆರೆಗೆ ಹೋಗಿ ಬೆಂಗಳೂರು ರೈಲು ಹತ್ತುತೀನಿ. ಜಯದೇವ ಆಸ್ಪತ್ರೆಗೆ."

ಉಪಕೇಂದ್ರದ ನರ್ಸಮ್ಮ ಟೀಗೆ ಬನ್ನು ಅದ್ದುತ್ತಲೇ ಕೇಳಿದರು, "ಏನಾಯ್ತೋ?"

"ಏನೂ ಆಗಿಲ್ಲ. ಆಗೋಕೆ ಮುಂಚೆ ಹೋಗಾನ ಅಂತ."

"ಅಲ್ಲಿ ನಿನ್ನಂಗೇ ಏನೂ ಆಗ್ದಿರೋರು ಸಾಲುಗಟ್ಟಿ ನಿಂತವ್ರೆ. ಆಗಿರೋರಿಗೇ ಜಾಗ ಇಲ್ಲ."

ಅದು ನಿಜವೇ. ಬೆಂಗಳೂರು, ಮೈಸೂರು ಎರಡೂ ಕಡೆಯ ಜಯದೇವಕ್ಕೆ ಜನ ಮುಗಿಬಿದ್ದಿದ್ದರು. ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಅದೇ ತಿಂಗಳು ವರದಿ ಕೊಟ್ಟು, ಪ್ರಕರಣಗಳು ಅಸಹಜವಾಗಿ ಏರಿಲ್ಲ ಎಂದಿತು. ಆದರೆ ವರದಿ ಊರಿಗೆ ಬರುವಷ್ಟರಲ್ಲಿ ವಾಟ್ಸಾಪ್ ಮೂರು ಸುತ್ತು ಹಾಕಿ ಹೋಗಿತ್ತು.

"ಗೃಹ ಆರೋಗ್ಯ ಅಂತ 30 ದಾಟಿದೋರ ಬೀಪಿ, ಶುಗರ್ ನೋಡೋಕೆ ಮನೆಬಾಗಿಲಿಗೇ ಬಂದ್ರೆ ನೀನು ಸಿಕ್ಕಲ್ಲ. ಈಗ್ಲಾದ್ರೂ ಕೈ ಕೊಡು," ಎಂದು ನರ್ಸಮ್ಮ ಬ್ಯಾಗಿನಿಂದ ಬೀಪಿ ಪಟ್ಟಿ ತೆಗೆದರು. ರಂಗನ ಬಲಗೈಯಲ್ಲಿ ಟೀ, ಎಡಗೈಯಲ್ಲಿ ಬೀಡಿ.

"ಇವೆರಡೂ ಆಗಿ ಅರ್ಧ ಗಂಟೆ ಕಳೀಬೇಕು."

"ಹಂಗಾದ್ರೆ ಈ ಜನ್ಮದಲ್ಲಿ ನಂಗೆ ಬೀಪಿ ನೋಡೋಕಾಗಲ್ಲ ಬುಡಿ."

ಮೂಲೆಯಲ್ಲಿದ್ದ ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಸಿದ್ದಪ್ಪನವರು ಕೆಮ್ಮಿದರು. "ಹಾರ್ಟೂ ಇಲ್ಲ ಗೀರ್ಟೂ ಇಲ್ಲ. ಎಲ್ಲಾ ಗ್ಯಾಸ್ಟ್ರಿಕ್ಕು. ಸೋಡಾಕ್ಕೆ ನಿಂಬೆಹಣ್ಣು ಹಿಂಡ್ಕೊಂಡು ಕುಡಿ."

ನಮ್ಮಲ್ಲಿ ಹೊಕ್ಕುಳಿಂದ ಗಂಟಲವರೆಗೆ ಎಲ್ಲಿ ನೋವು ಬಂದರೂ ಅದರ ಹೆಸರು ಗ್ಯಾಸ್ಟ್ರಿಕ್ಕೇ. ನರ್ಸಮ್ಮ ಬನ್ನು ಕೆಳಗಿಟ್ಟರು.

"ಎದೆ ಹಿಂಡಿದಂಗಾಗಿ, ಬೆವರು ಕಿತ್ಕೊಂಡು, ನೋವು ಎಡಗೈಗೋ ದವಡೆಗೋ ಹಬ್ಬಿದ್ರೆ ಸೋಡಾ ಅಲ್ಲ ಸಿದ್ದಪ್ನೋರೆ, 108."

"ಆಂಬುಲೆನ್ಸಿಗೆ ಎಷ್ಟಾಯ್ತದೆ?"

"2008ರಿಂದ ಪುಕ್ಕಟೆ! ಮೊದಲ ಒಂದು ಗಂಟೆನೇ ಮುಖ್ಯ. ಅಪ್ಪು ಹೆಸರಲ್ಲಿ ಹೃದಯ ಜ್ಯೋತಿ ಅಂತ ಯೋಜನೆ ಐತೆ. ಅದಿರೋ ತಾಲ್ಲೂಕು ಆಸ್ಪತ್ರೇಲಿ ಈಸೀಜಿ ತೆಗೆದು ಜಯದೇವದೋರಿಗೆ ಕಳಿಸ್ತಾರೆ. ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್ ಅಲ್ಲೇ ಕೊಡ್ತಾರೆ. ಹೊರಗಡೆ ಅದಕ್ಕೆ ಹತ್ತಾರು ಸಾವಿರ."

"ಹತ್ತಾರು ಸಾವಿರದ್ದು ಪುಕ್ಕಟೆಯಾ?" ಸಿದ್ದಪ್ಪನವರು ಮೊದಲ ಸಲ ಎದೆ ಮುಟ್ಟಿ ನೋಡಿಕೊಂಡರು.

ಅರ್ಧ ಗಂಟೆ ಕಳೆಯಿತು. ಪಟ್ಟಿ ಬುಸ್ ಎಂದು ಉಬ್ಬಿತು.

"ಮಾತಾಡ್ಬೇಡ, ಏರ್ತದೆ."

"ನಾನೆಲ್ಲಿ ಮಾತಾಡ್ದೆ..."

"150, 96. ನೋಡು, 140-90 ದಾಟದೆ. ನಾಳೆ ಉಪಕೇಂದ್ರಕ್ಕೆ ಬಾ, ಇನ್ನೊಂದ್ಸಲ ನೋಡಾನ. ಆಗ್ಲೂ ಹಿಂಗೇ ಇದ್ರೆ ಡಾಕ್ಟ್ರು ಮಾತ್ರೆ ಬರ್ಕೊಡ್ತಾರೆ."

ಅಷ್ಟರಲ್ಲಿ ಹೊಯ್ಸಳೇಶ್ವರ ನೋಡಿ ಬಂದ ಪ್ರವಾಸಿಗಳು ಬೇಲೂರಿಗೆ ಆಟೋ ಕೇಳಿದರು. ರಂಗನ ಎದೆನೋವು ಅಲ್ಲೇ ಇಳಿಯಿತು. ದೂರ 16 ಕಿಲೋಮೀಟರು. ಚೆನ್ನಕೇಶವನ ಮುಂದೆ ಅವರಿಗೆ ಏನಿಲ್ಲವೆಂದರೂ ಎರಡು ಗಂಟೆ ಬೇಕು.

"ಅವ್ರು ಶಿಲಾಬಾಲಿಕೆ ನೋಡ್ತಿರ್ಲಿ ನರ್ಸಮ್ಮ, ನಾನು ಅಲ್ಲೇ ಸರ್ಕಾರಿ ಆಸ್ಪತ್ರೇಲಿ ಈಸೀಜಿ ಮಾಡಿಸ್ಕೊಂಡು ಬತ್ತೀನಿ."

"ಜೇಬಲ್ಲಿರೋದು?"

ರಂಗ ಬೀಡಿ ಕಟ್ಟನ್ನು ಟೀ ಅಂಗಡಿಯವನ ಕೈಗಿಟ್ಟ.

"ಎಣಿಸಿಟ್ಕೊ ಅಣ್ಣ, ಹನ್ನೊಂದವೆ. ಬಂದು ಇಸ್ಕೋತೀನಿ."