ಉಕ್ಕಿನ ಚಿನಿವಾರ

ಕೋಲ್ಕತ್ತದ ಫುಟ್‌ಪಾತಿನಲ್ಲಿ ಹಳೆಯ ನಾಣ್ಯ ಹರಡಿಕೊಂಡವರ ಎದುರು ಸದಾ ಕುಕ್ಕರಗಾಲಲ್ಲಿ ಕೂತಿರುವವನೇ ಉಕ್ಕಿನ ಚಿನಿವಾರ. ವಯಸ್ಸು ಅರವತ್ತರ ಆಚೆ, ಹೆಗಲಿಗೆ ಜೋಳಿಗೆ, ಜೋಳಿಗೆಯಲ್ಲಿ ಭೂತಗನ್ನಡಿ. ಚಳಿಗಾಲವಾದರೆ ತಲೆಗೆ ಮಂಕಿ ಟೋಪಿ. ಗುಪ್ತರ ಚಿನ್ನ, ಮೊಘಲರ ಬೆಳ್ಳಿ ಇವನ ಪಿಂಚಣಿಗೆ ಎಟುಕುವುದಿಲ್ಲ. ಹಾಗಾಗಿ ಪಾಂಡಿತ್ಯವೆಲ್ಲ 1988ರಿಂದೀಚೆಗಿನ ಸ್ಟೇನ್‌ಲೆಸ್ ಸ್ಟೀಲ್ ಚಿಲ್ಲರೆಯ ಮೇಲೆ: ಹತ್ತು ಪೈಸೆ, ಘೇಂಡಾಮೃಗದ ನಾಲ್ಕಾಣೆ, ಸಂಸತ್ ಭವನದ ಎಂಟಾಣೆ, 1992ರಿಂದ ಬಂದ ಸ್ಟೀಲ್ ರೂಪಾಯಿ.

ಪರೀಕ್ಷೆಗೆ ನಾಣ್ಯವನ್ನು ಅಂಚಿನಲ್ಲೇ ಹಿಡಿಯಬೇಕು. ಮುಖಕ್ಕೆ ಬೆರಳು ತಾಗಿಸಿದವನನ್ನು ಇವನು ಚಪ್ಪಲಿ ಹಾಕಿಕೊಂಡು ಗರ್ಭಗುಡಿಗೆ ನುಗ್ಗಿದವನಂತೆ ನೋಡುತ್ತಾನೆ. ಭೂತಗನ್ನಡಿ ನೇರ ಹೋಗುವುದು ಅಶೋಕ ಲಾಂಛನದ ನಡುವಿನ ಸಿಂಹದ ಎದೆಗೆ. ಉಬ್ಬಿದ ಜಾಗವಾದ್ದರಿಂದ ಮೊದಲು ಸವೆಯುವುದು ಅದೇ. ಕೂದಲು ಎಣಿಸುವಂತಿದ್ದರೆ ಹೊಸದು, ನುಣ್ಣಗಾಗಿದ್ದರೆ ಬಸ್ ಕಂಡಕ್ಟರನ ಚೀಲ ಕಂಡು ಬಂದದ್ದು. ಆದರೆ ಉಕ್ಕು ಗಟ್ಟಿ ಲೋಹ, ಅಚ್ಚನ್ನೇ ಸವೆಸುತ್ತದೆ. ಟಂಕಸಾಲೆಯಿಂದಲೇ ಬೋಳು ಎದೆಯ ಸಿಂಹ ಹೊರಬೀಳುವುದುಂಟು. ಆಗ ನಾಣ್ಯವನ್ನು ಬೆಳಕಿಗೆ ಓರೆಯಾಗಿ ಹಿಡಿಯುತ್ತಾನೆ: ಬೋಳಿನ ಮೇಲೂ ಹೊಳಪು ಹರಿದರೆ ತಪ್ಪು ಅಚ್ಚಿನದು, ಮಂಕಾಗಿ ನಿಂತರೆ ಜನರ ಬೆರಳಿನದು. ಒಂದೇ ದಿಕ್ಕಿನ ಸಣ್ಣ ಗೀರುಗಳು ಕಂಡರೆ ಯಾರೋ ಪುಣ್ಯಾತ್ಮ ತಿಕ್ಕಿ ತೊಳೆದಿದ್ದಾನೆಂದು ಅರ್ಥ. ಬೆಲೆಯೂ ಅಲ್ಲೇ ತೊಳೆದುಹೋಯಿತು. ಇಷ್ಟರ ಮಟ್ಟಿಗೆ ಇವನ ವಿದ್ಯೆ ಅಪ್ಪಟ.

ಗೊಂದಲ ಶುರುವಾಗುವುದು ಇಸವಿಯ ಕೆಳಗೆ. ಅಲ್ಲಿರುವುದು ಟಂಕಸಾಲೆಯ ಗುರುತು: ಮುಂಬೈಗೆ ವಜ್ರದಾಕಾರ, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ಚುಕ್ಕಿ. 1952ರಲ್ಲಿ ತೆರೆದ ಕೋಲ್ಕತ್ತದ ಅಲಿಪುರ ಟಂಕಸಾಲೆಗೆ ಗುರುತೇ ಇಲ್ಲ. ಮಾರುವಾಗ ಚಿನಿವಾರನದು ಒಂದೇ ಪಲ್ಲವಿ: "ನೋಡಿ ದಾದಾ, ಗುರುತೇ ಬಿದ್ದಿಲ್ಲ, ಎಲ್ಲಿ ಸಿಗುತ್ತೆ ಇಂಥದ್ದು!" ಕೊಳ್ಳುವಾಗ ಅದೇ ನಾಣ್ಯಕ್ಕೆ, "ನಮ್ಮ ಅಲಿಪುರದ್ದು, ಬುಟ್ಟಿಗಟ್ಟಲೆ ಬಿದ್ದಿದೆ." ದರ್ಜೆಗೂ ಇದೇ ನ್ಯಾಯ. ನಾಣ್ಯ ನಿಮ್ಮ ಅಂಗೈಯಲ್ಲಿದ್ದರೆ 'ಫೈನ್', ಅಂದರೆ ಸವೆದದ್ದು; ಇವನ ಅಂಗೈಗೆ ದಾಟಿದರೆ 'ಅನ್‌ಸರ್ಕ್ಯುಲೇಟೆಡ್'. ನಡುವೆ ಕಳೆದದ್ದು ಅರ್ಧ ಲೋಟ ಚಹಾ ಕುಡಿಯುವಷ್ಟು ಹೊತ್ತು.

ಇವನ ಸಂಕಟ 2007ರದು. ಭಾರತದ ನಾಣ್ಯಗಳನ್ನು ಬಾಂಗ್ಲಾದೇಶಕ್ಕೆ ಕದ್ದು ಸಾಗಿಸಿ, ಕರಗಿಸಿ ಬ್ಲೇಡು ಮಾಡುತ್ತಿದ್ದಾರೆಂದು ಆಗ ಸುದ್ದಿಯಾಯಿತು. ಒಂದು ರೂಪಾಯಿ ನಾಣ್ಯದಿಂದ ಐದರಿಂದ ಏಳು ಬ್ಲೇಡು, ಅಂದರೆ 35 ರೂಪಾಯಿಯ ಮಾಲು ಎಂದು ಕೋಲ್ಕತ್ತದಲ್ಲಿ ಸಿಕ್ಕಿಬಿದ್ದ ದಿನಸಿ ವ್ಯಾಪಾರಿಯೊಬ್ಬ ಪೊಲೀಸರಿಗೆ ಲೆಕ್ಕ ಒಪ್ಪಿಸಿದ. ಸಿಂಹದ ಎದೆ ನೋಡದೆ, ಇಸವಿ ನೋಡದೆ, ಬರೀ ತೂಕ ನೋಡಿ ಕಟ್ಟಿದ ಆ ಬೆಲೆಯನ್ನು ಚಿನಿವಾರನ ಯಾವ ಗಿರಾಕಿಯೂ ಇನ್ನೂ ಕೊಟ್ಟಿಲ್ಲ.

25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. ಎಂಟಾಣೆಗೆ ಕಾನೂನಿನ ಮಾನ್ಯತೆ ಇನ್ನೂ ಇದೆ. ಇಂಥ ಚಿಲ್ಲರೆಗೆ ಲಕ್ಷ ಕೊಡಿಸುತ್ತೇವೆ ಎನ್ನುವವರು ಚಿನಿವಾರನ ಜಾತಿಯವರಲ್ಲ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಶುಲ್ಕ, ಕಮಿಷನ್ ಕೇಳುವ ಅಂಥವರ ಬಗ್ಗೆ ಆ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಿದೆ. ಅವರಿಗೆ ಎಂಟಾಣೆಯನ್ನೂ ಕೊಡಬೇಡಿ.