ಜಿಪುಣನೆಂಬ ಸುಳ್ಳು ಆರೋಪ

ಚಿಕ್ಕೋಡಿ, ರಾಯಬಾಗದ ಕಬ್ಬಿನ ಸೀಮೆಯಿರಲಿ, ನಿಪ್ಪಾಣಿಯ ತಂಬಾಕಿನ ಹೊಲವಿರಲಿ, ಅಥಣಿ, ಕಾಗವಾಡದ ದ್ರಾಕ್ಷಿ ಪಡವಿರಲಿ, ಬೆನ್ನಿಗೆ ಪಂಪು ಏರಿಸಿ ಎಣ್ಣಿ ಹೊಡೆಯುವ ಊರಿಗೆಲ್ಲ ಒಬ್ಬ ಬ್ಯಾಟ್ರಿ ಕಾಕಾ ಇದ್ದೇ ಇರುತ್ತಾನೆ. ಪಕ್ಕಾ ಜಿಪುಣ, ಹೊಸದು ತರಲು ಕೈ ಬರದೆ ಹಳೇದನ್ನು ಬಿಚ್ಚುತ್ತಾನೆ ಎಂಬುದು ಅವನ ಮೇಲೆ ಊರು ಹೊರಿಸಿದ ಆರೋಪ. ಲೆಕ್ಕ ಹಾಕಿ ನೋಡಿದರೆ ಇದು ನಿಲ್ಲುವುದಿಲ್ಲ. ಸತ್ತ ಬ್ಯಾಟರಿಯೊಂದನ್ನು ಎಬ್ಬಿಸಲು ಬೇಕಾಗುವ ಬೆಸುಗೆ ತಂತಿ, ಡಿಸ್ಟಿಲ್ಡ್ ವಾಟರ್, ಒಂದೊಂದು ಕ್ಲಿಪ್ಪಿಗೂ ಒಂದೊಂದು ಸಲ ಪ್ಯಾಟಿಗೆ ಓಡಿಸಿದ ಬೈಕಿನ ಪೆಟ್ರೋಲು, ಸುತ್ತ ಕೂತು ನೋಡುವವರ ಚಹಾ, ಇಷ್ಟನ್ನೂ ಕೂಡಿಸಿದರೆ ಹೊಸ ಬ್ಯಾಟರಿಯ ರೊಕ್ಕ ಎಂದೋ ದಾಟಿರುತ್ತದೆ. ಜಿಪುಣನಾದವನು ಇಂಥ ವ್ಯವಹಾರಕ್ಕೆ ಕೈ ಹಾಕುವನೇ?

ಅವನ ಕೆಲಸದ ಕ್ರಮವನ್ನೇ ನೋಡಿ. ಪಂಪು ನಿಂತರೆ ಮೊದಲು ನೋಡಬೇಕಾದ್ದು ಫ್ಯೂಜು, ಸ್ವಿಚ್ಚು, ಹಸಿರು ಕಿಲುಬು ಹಿಡಿದ ಟರ್ಮಿನಲ್ಲು. ಕಾಕಾ ಇವನ್ನು ಕೊನೆಗೆ ಇಟ್ಟುಕೊಳ್ಳುತ್ತಾನೆ, ಏಕೆಂದರೆ ಫ್ಯೂಜು ಬದಲಿಸಿದವನನ್ನು ಯಾರೂ ಹೊಗಳುವುದಿಲ್ಲ. ನೇರ ಬ್ಯಾಟರಿಗೇ ಸ್ಕ್ರೂಡ್ರೈವರ್ ತೂರಿಸಿ ಮೇಲಿನ ಪಟ್ಟಿ ಎಬ್ಬುತ್ತಾನೆ. ಒಳಗಿನ ಆರು ರಬ್ಬರ್ ಟೊಪ್ಪಿಗೆ ತೆಗೆದು, ದನದ ಡಾಕ್ಟರು ಬಿಟ್ಟುಹೋದ ಸಿರಿಂಜಿನಿಂದ ಒಂದೊಂದು ಕೋಣೆಗೂ ನೀರು ಬಿಡುತ್ತಾನೆ. ರಾತ್ರಿಯಿಡೀ ಚಾರ್ಜಿಗೆ ಹಚ್ಚಿ ಬೆಳಗ್ಗೆ ಮೀಟರ್ ಹಿಡಿದರೆ 12.4. “ನೋಡ್ರಿ, ಬ್ಯಾಟ್ರಿ ಗಟ್ಟಿ ಐತಿ, ಪಂಪಿನ ಮೋಟರ್ ಹೋಗೇತಿ!” ಆದರೆ ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದ ಸೀಸದ ಬ್ಯಾಟರಿಯ ತಗಡುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತಿರುತ್ತದೆ, ಮೋಟರಿನ ಭಾರ ಬಿದ್ದ ಕೂಡಲೇ ಆ 12.4 ಒಂಬತ್ತಕ್ಕೆ ಕುಸಿಯುತ್ತದೆ. ಭಾರ ಹಾಕದೆ ಅಳೆದ ವೋಲ್ಟು ಚುನಾವಣೆಗೆ ಮುಂಚಿನ ಆಶ್ವಾಸನೆಯಷ್ಟೇ ನಂಬಿಕೆಗೆ ಅರ್ಹ. ಮೋಟರನ್ನೂ ಬಿಚ್ಚಿ ಮುಗಿದ ಮೇಲೆ, ಮೂರನೆಯ ದಿನ, ಬ್ಯಾಟರಿ ಹೋಗಿದೆ ಎಂದು ಅವನೇ ತೀರ್ಪು ಕೊಡುತ್ತಾನೆ. ಕೊಡುವಾಗ ಮುಖದಲ್ಲಿ ಬೇಸರದ ಸುಳಿವೂ ಇರುವುದಿಲ್ಲ.

ಯಾಕೆಂದರೆ ಈಗ ಲಿಥಿಯಂ ಸರದಿ. ಕೆಟ್ಟ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ ಮೂರನ್ನು ಸಾಲಾಗಿ ಜೋಡಿಸಿದರೆ 11.1 ವೋಲ್ಟು, ಪೂರ್ತಿ ತುಂಬಿದಾಗ 12.6, ಕಸುವು ಸಾಲದಿದ್ದರೆ ಪಕ್ಕಕ್ಕೆ ಇನ್ನಷ್ಟು. ಇದರಲ್ಲಿ ಹುರುಳಿಲ್ಲವೇ ಎಂದು ಅವನ ಪಕ್ಷದವರು ಕೇಳಬಹುದು. ಖಂಡಿತ ಇದೆ. ಹದಿನಾರು ಲೀಟರ್ ನೀರು ಹೊತ್ತವನ ಬೆನ್ನಿನಿಂದ ಸೀಸದ ಎರಡು ಕಿಲೋ ಇಳಿದರೂ ಅದು ಪುಣ್ಯದ ಕೆಲಸ. ಆದರೆ ಕಾಕಾ ಬ್ಯಾಟರಿ ಬದಲಿಸುತ್ತಾನೆ, ಚಾರ್ಜರ್ ಬದಲಿಸುವುದಿಲ್ಲ. ಪಿನ್ ಕೂಡಿತಲ್ಲ, ಸಾಕು. 14.4 ವೋಲ್ಟಿನತನಕ ಏರುವುದು ಸೀಸದ ಚಾರ್ಜರಿನ ಸ್ವಭಾವ. ಮೂರಕ್ಕೆ ಹಂಚಿದರೆ ತಲಾ 4.8, ಆ ಸೆಲ್ ತಡೆಯುವುದು 4.2. ನಡುವೆ ನಿಂತು ತಡೆಯಬೇಕಾದ ಬಿಎಂಎಸ್ ಎಂಬ ಬೆರಳಗಲದ ಹಲಗೆಯನ್ನು ಅವನು ಕಂಪನಿಯವರ ರೊಕ್ಕ ಮಾಡುವ ದಾರಿ ಎಂದು ಹಾಕಿರುವುದೇ ಇಲ್ಲ. ಸೆಲ್ ಉಬ್ಬಿ ಬಿಸಿಯಾಗಿ, ಬೆಂಕಿ ಹತ್ತುವ ಸಂಭವವೂ ಇರುವುದರಿಂದ ಇಲ್ಲಿ ನಗು ಸ್ವಲ್ಪ ಹಿಡಿಯಬೇಕಾಗುತ್ತದೆ.

ಹೆದರಿಕೆಯಿಲ್ಲದ ದಾರಿಯೂ ಇದೆ. ಲಿಥಿಯಂ ಐರನ್ ಫಾಸ್ಫೇಟಿನ ನಾಲ್ಕು ಸೆಲ್, 12.8 ವೋಲ್ಟು, ಒಳಗೇ ಬಿಎಂಎಸ್, ಜೊತೆಗೆ 14.6ರ ಅದರದೇ ಚಾರ್ಜರ್. ಸಿದ್ಧ ಪ್ಯಾಕು ಅಂಗಡಿಯಲ್ಲಿ ಸಿಗುತ್ತದೆ. ಬೆಲೆ ಹೆಚ್ಚೆಂದು ಕಾಕಾ ಅದನ್ನು ಬೇಡವೆನ್ನುತ್ತಾನೆ ಎಂದು ಊರು ತಿಳಿದಿದೆ. ಅವನ ತಕರಾರು ಬೇರೆಯೇ: “ಅಲ್ರೀ, ಎಲ್ಲಾ ಅವ್ರ ಮಾಡಿ ಕೊಟ್ಟಾರ. ಅದರಾಗ ನಾವ್ ಮಾಡೂದು ಏನೈತಿ?” ಇನ್ನೂ ಸಂಶಯವಿದ್ದವರು, ಬೇಸತ್ತ ಮಗ ಹೊಸ ಪಂಪನ್ನೇ ತಂದ ಮನೆಗೆ ಹೋಗಿ ನೋಡಬಹುದು. ಒಂದು ಕಾಸು ಕಳೆಯಲು ಮನಸ್ಸಿಲ್ಲದವನು ಒಂದು ವರ್ಷದ ವಾರಂಟಿಯನ್ನು ಎದೆಗವಚಿಕೊಳ್ಳುತ್ತಿದ್ದ. ಕಾಕಾ ಮಾತ್ರ ಪಂಪು ಹೊಲ ಕಾಣುವ ಮೊದಲೇ ವಾರಂಟಿಯ ಚೀಟಿ ಹರಿದು, ಒಳಗೆ ಎಷ್ಟು ಆಂಪಿಯರ್ ಇಟ್ಟಿದ್ದಾರೆ ನೋಡಲು ಕೂತಿರುತ್ತಾನೆ.